ವಾಪಸು ಬಂದ ಉಂಗುರ

ಬಂಟ್ವಾಳದವರು ಮೂಡುಬಿದಿರೆಗೆ ಹೋಗುತ್ತಾರೆ. ಮೂಡುಬಿದಿರೆಯವರು ಬೆಳ್ತಂಗಡಿಗೆ ಹೋಗುತ್ತಾರೆ. ಬೆಳ್ತಂಗಡಿಯವರು ಬಂಟ್ವಾಳಕ್ಕೆ ಬರುತ್ತಾರೆ. ಜವಳಿ ತೆಗೆಯಲಿಕ್ಕೂ ಅಲ್ಲ, ಜಾತ್ರೆಗೂ ಅಲ್ಲ. ಮನೆಯಲ್ಲಿ ಒಂದು ನಿಶ್ಚಿತಾರ್ಥ ಮುರಿದು, ಅದರ ಉಂಗುರವನ್ನು ಮಾರುವ ಪ್ರಸಂಗ ಬಂದರೆ ಹೀಗೆ ಊರು ಬದಲಾಗುತ್ತದೆ. ತಮ್ಮ ಊರಿನ ಚಿನ್ನದಂಗಡಿಯಲ್ಲಿ ಯಾರಾದರೂ ನೋಡಿದರೆ? ಮಾತನಾಡಿಸಿದರೆ? ಅದಕ್ಕೆ ಒಂದು ಬಸ್ಸು ಹತ್ತಿ ಗುರುತಿಲ್ಲದ ಪೇಟೆಯಲ್ಲಿ ಇಳಿಯುವುದು. ಈ ಮೂರೂ ಊರುಗಳ ಶಾಖೆಗಳಲ್ಲಿ ಬೇರೆ ಬೇರೆ ಕಾಲಕ್ಕೆ ಗುಮಾಸ್ತನಾಗಿ ಕುಳಿತವನು ನಾನು. ಹಾಗಾಗಿ ಮೂರೂ ಕಡೆಯವರು ಒಬ್ಬರಿಗೊಬ್ಬರು ಗೊತ್ತಾಗದಂತೆ ಎದುರುಬದುರು ಬಸ್ಸುಗಳಲ್ಲಿ ಓಡಾಡುವುದು ನನಗೆ ಕಾಣುತ್ತಿತ್ತು. ಸಿದ್ಧಕಟ್ಟೆಯಲ್ಲಿ ಎರಡು ಬಸ್ಸುಗಳು ಒಂದನ್ನೊಂದು ದಾಟುವಾಗ, ಎರಡರಲ್ಲೂ ಒಂದೊಂದು ಕೆಂಪು ಡಬ್ಬಿ ಇರಬಹುದಲ್ಲ ಎಂದು ಯೋಚಿಸಿ ಒಳಗೊಳಗೇ ನಗುತ್ತಿದ್ದೆ.

ನಮ್ಮ ಕಡೆಯ ಬ್ಯಾಂಕುಗಳಲ್ಲಿ ಚಿನ್ನದ ಸಾಲದ ಕೌಂಟರ್ ಎಂದರೆ ಊರಿನ ಅರ್ಧ ಗುಟ್ಟು ಅಲ್ಲಿಯೇ. ದಕ್ಷಿಣ ಕನ್ನಡ ಮತ್ತು ಉಡುಪಿಯ ನೆಲದಲ್ಲಿ ಬ್ಯಾಂಕುಗಳು ಹುಟ್ಟಿದ್ದಕ್ಕೆ ಲೆಕ್ಕವಿಲ್ಲ ಎಂದು ಹೊರಗಿನವರು ಹೇಳುತ್ತಾರೆ. ಲೆಕ್ಕ ಉಂಟು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಬೀಡಿ ಕಟ್ಟುವವರು, ಅಡಿಕೆ ಬೆಳೆಯುವವರು, ಮುಂಬೈಯಿಂದ ಮನಿಯಾರ್ಡರ್ ಬರುವ ಮನೆಯವರು, ಎಲ್ಲರೂ ಕಷ್ಟ ಬಂದಾಗ ಕಿವಿಯದ್ದೋ ಕೈಯದ್ದೋ ತೆಗೆದು ಕೌಂಟರಿನ ಮೇಲೆ ಇಡುತ್ತಿದ್ದರು. ಬ್ಯಾಂಕಿನ ಸರಾಫರು ಒರೆಗಲ್ಲಿಗೆ ಉಜ್ಜಿ, ಆಸಿಡ್ ಬಿಟ್ಟು, ಗೆರೆ ಉಳಿಯುತ್ತದೋ ಅಳಿಯುತ್ತದೋ ನೋಡಿ, ಒಟ್ಟು ತೂಕ ಇಷ್ಟು, ಕಲ್ಲು ಅರಗು ಕಳೆದು ನಿವ್ವಳ ತೂಕ ಇಷ್ಟು ಎಂದು ಹೇಳುವರು. ನಾನು ಲೆಡ್ಜರಿನಲ್ಲಿ ಬರೆಯುವೆ. ಚೀಲಕ್ಕೆ ಅರಗಿನ ಮುದ್ರೆ ಬೀಳುವುದು.

ಅಲ್ಲಿ ಉಂಗುರ ಮಾತ್ರ ಇಡಲು ಬಂದವರನ್ನು ಕಂಡರೆ ಸರಾಫರು ನನ್ನ ಕಡೆ ಒಮ್ಮೆ ನೋಡುವರು. ಬಳೆ, ಸರ, ಬೆಂಡೋಲೆ ಇಡುವವರು ಸಾಲಕ್ಕೆ ಬಂದವರು. ಹೊಚ್ಚ ಹೊಸ ಉಂಗುರ ಒಂದನ್ನೇ, ಅದರ ಡಬ್ಬಿಯ ಸಮೇತ ತಂದ ತಂದೆ ಸಾಲಕ್ಕೆ ಬಂದವನಲ್ಲ. ಮಾರಲು ಮನಸ್ಸಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಲೂ ಮನಸ್ಸಿಲ್ಲ. ಅಡವು ಇಟ್ಟರೆ ‘ಮಾರಿಲ್ಲ, ಬ್ಯಾಂಕಿನಲ್ಲಿ ಉಂಟು’ ಎಂದು ಹೇಳಬಹುದು. ಹೀಗೆ ಇಟ್ಟ ಉಂಗುರಗಳಿಗೆ ಬಡ್ಡಿ ಬೆಳೆಯುತ್ತಿತ್ತು, ನೋಟೀಸು ಹೋಗುತ್ತಿತ್ತು, ಯಾರೂ ಬರುತ್ತಿರಲಿಲ್ಲ. ಕೊನೆಗೆ ಹರಾಜು. ಅದು ಮಾರಾಟವೇ, ಆದರೆ ಎರಡು ವರ್ಷದ ಬಡ್ಡಿ ಕೊಟ್ಟು ಮಾಡಿದ ಮಾರಾಟ. ನಾಚಿಕೆಗೆ ಬಡ್ಡಿ ಕಟ್ಟುವುದು ಎಂದು ನಮ್ಮ ಸರಾಫರು ಇದನ್ನು ಕರೆಯುತ್ತಿದ್ದರು.

ಇದೆಲ್ಲ ಮತ್ತೆ ನೆನಪಾದದ್ದು ನಮ್ಮ ಕುಟುಂಬದಲ್ಲೇ ಒಂದು ಉಂಗುರ ವಾಪಸು ಬಂದಾಗ.

ನನ್ನ ಚಿಕ್ಕಪ್ಪನ ಮೊಮ್ಮಗಳು. ಮನೆ ಸಿದ್ಧಕಟ್ಟೆಯ ಕಡೆ, ಕೆಲಸ ಮಂಗಳೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಬೆಳ್ತಂಗಡಿ ಕಡೆಯ ಒಂದು ಮನೆಯ ಹುಡುಗನೊಂದಿಗೆ ನಿಶ್ಚಿತಾರ್ಥ ಆಗಿ, ಎಂಟು ತಿಂಗಳ ನಂತರ ಮುರಿಯಿತು. ಏಕೆ ಮುರಿಯಿತು ಎಂಬುದು ನಿಮಗೆ ಬೇಡ, ನನಗೂ ಪೂರ್ತಿ ಬೇಡ. ಎರಡೂ ಕಡೆಯವರು ಒಳ್ಳೆಯವರೇ.

ನಮ್ಮ ಕಾಲದಲ್ಲಿ ಈ ಉಂಗುರದ ತಾಪತ್ರಯವೇ ಇರಲಿಲ್ಲ. ನನ್ನ ಮದುವೆ ನಿಶ್ಚಯವಾದದ್ದು ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಒಂದಿಷ್ಟು ಸಕ್ಕರೆಯಲ್ಲಿ. ಹರಿವಾಣದಲ್ಲಿ ವೀಳ್ಯ ಬದಲಾದರೆ ಮಾತು ನಿಂತಿತು. ಮಾತು ತಪ್ಪಿದರೆ ವಾಪಸು ಕೊಡಲಿಕ್ಕೆ ಏನಿದೆ? ಎಲೆ ತಿಂದು ಆಗಿರುತ್ತದೆ. ನಾನು ಕಂಡ ಮಟ್ಟಿಗೆ ನಮ್ಮ ನೆರೆಯ ಕ್ರೈಸ್ತರ ಮನೆಗಳಲ್ಲಿ ಉಂಗುರದ ಪದ್ಧತಿ ಮೊದಲಿಂದಲೂ ಇತ್ತು. ನಮ್ಮ ಕಡೆಗೆ ಅದು ಸಿನೆಮಾದೊಂದಿಗೋ ವಿಡಿಯೊದವರೊಂದಿಗೋ ಬಂತು. ಈಗ ವಿಡಿಯೊದವನು ಉಂಗುರದ ಕೈಯನ್ನು ಹತ್ತಿರದಿಂದ ತೆಗೆಯದಿದ್ದರೆ ನಿಶ್ಚಿತಾರ್ಥ ಆದಂತೆಯೇ ಅಲ್ಲ. ಹಳೆಯದೆಂದರೆ ಬಹಳ ಹಳೆಯ ಪದ್ಧತಿ ಇದು. ರೋಮ್ ದೇಶದ ಪ್ಲಿನಿ ಎಂಬವನು ಸುಮಾರು 2,000 ವರ್ಷಗಳ ಹಿಂದೆ ಬರೆದಿಟ್ಟಿದ್ದಾನೆ: ಅವನ ಕಾಲದಲ್ಲೂ ನಿಶ್ಚಯವಾದ ಹುಡುಗಿಗೆ ಕಳುಹಿಸುತ್ತಿದ್ದದ್ದು ಕಬ್ಬಿಣದ ಉಂಗುರ, ಕಲ್ಲಿಲ್ಲದ್ದು. ಕಬ್ಬಿಣ! ಮುರಿದರೂ ಗುಜರಿಗೆ ಹಾಕಬಹುದು.

ಈಗಿನ ಉಂಗುರ ಎರಡು. ಹುಡುಗನ ಮನೆಯವರು ಹುಡುಗಿಗೆ ಒಂದು, ಹುಡುಗಿಯ ಮನೆಯವರು ಹುಡುಗನಿಗೆ ಒಂದು. ಸಂಬಂಧ ಮುರಿದ ಮೇಲೆ ಎರಡೂ ಕಡೆಯ ಹಿರಿಯರು ಪುಂಜಾಲಕಟ್ಟೆಯಲ್ಲಿ ಸೇರುವುದೆಂದಾಯಿತು. ಬಂಟ್ವಾಳಕ್ಕೂ ಬೆಳ್ತಂಗಡಿಗೂ ನಡುವಿನ ಊರು, ಯಾರ ಮನೆಗೆ ಯಾರೂ ಹೋದಂತಾಗುವುದಿಲ್ಲ. ಸಾಕ್ಷಿಗೆ ಎಂದು ನನ್ನನ್ನು ಕರೆದುಕೊಂಡು ಹೋದರು. ಹೋಟೆಲಿನಲ್ಲಿ ನಾಲ್ಕು ಚಹಾ, ಒಂದು ಪ್ಲೇಟು ಗೋಳಿಬಜೆ. ಎರಡು ಡಬ್ಬಿಗಳು ಮೇಜಿನ ಮೇಲೆ ಕೈ ಬದಲಾದವು. ತೂಕ ನೋಡಲಿಲ್ಲ, ಡಬ್ಬಿ ತೆರೆದು ನೋಡಲೂ ಇಲ್ಲ. ನೋಡಿದ್ದರೆ ಆಚೆಯವರಿಗೆ ಬೇಸರವಾಗುತ್ತಿತ್ತು. ತಪ್ಪು ಯಾರದು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮಳೆ ಬರುತ್ತಾ ಏನೋ ಎಂದು ಹುಡುಗನ ಮಾವ ಹೇಳಿದರು, ಬಂದರೆ ಒಳ್ಳೆಯದು ಎಂದು ನಾನು ಹೇಳಿದೆ.

ಇದೇ ವಿಷಯಕ್ಕೆ ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದಲ್ಲಿ ಅತ್ಯುನ್ನತ ನ್ಯಾಯಾಲಯದವರೆಗೆ ವ್ಯಾಜ್ಯ ಹೋಯಿತು ಎಂದರೆ ನಂಬುತ್ತೀರಾ? 70,000 ಡಾಲರಿನ ವಜ್ರದ ಉಂಗುರ. ನಿಶ್ಚಿತಾರ್ಥ ಮುರಿಯಿತು, ಉಂಗುರ ಯಾರಿಗೆ? ಆ ರಾಜ್ಯದಲ್ಲಿ 1959ರಿಂದ ಇದ್ದ ಕಾನೂನು, ಸಂಬಂಧ ಮುರಿದದ್ದರಲ್ಲಿ ತಪ್ಪು ಯಾರದೆಂದು ನೋಡಬೇಕು ಎನ್ನುತ್ತಿತ್ತು. ತಪ್ಪು ಅಳೆಯಲು ಯಾವ ತಕ್ಕಡಿ? 2024ರ ನವೆಂಬರಿನಲ್ಲಿ ನ್ಯಾಯಾಲಯ ಆ ಹಳೆಯ ನಿಯಮವನ್ನೇ ಬದಿಗಿಟ್ಟಿತು. ತಪ್ಪು ಯಾರದೇ ಇರಲಿ, ಮದುವೆ ಆಗಲಿಲ್ಲ ಎಂದಮೇಲೆ ಉಂಗುರ ಕೊಟ್ಟವರಿಗೇ ವಾಪಸು ಎಂದು ತೀರ್ಪು. ಪತ್ರಿಕೆಯಲ್ಲಿ ಇದನ್ನು ಓದಿದಾಗ ನನಗೆ ಪುಂಜಾಲಕಟ್ಟೆಯ ಆ ಮೇಜೇ ಕಣ್ಣಿಗೆ ಬಂತು. ನಮ್ಮಲ್ಲಿ ಅದು ಅರ್ಧ ಗಂಟೆಯಲ್ಲಿ, ಚಹಾದ ಬಿಲ್ಲಿನಲ್ಲಿ ಮುಗಿಯಿತು. ಬಿಲ್ಲು ಕೊಡುವ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಸ್ವಲ್ಪ ಜಗಳವಾಡಿದರು, ನಾನು ಕೊಡುತ್ತೇನೆ ನಾನು ಕೊಡುತ್ತೇನೆ ಎಂದು.

ಮನೆಗೆ ಬಂದ ಮೇಲೆ ನಿಜವಾದ ಗಲಾಟೆ. ವಾಪಸು ಬಂದದ್ದು ಹುಡುಗನಿಗೆಂದು ತೆಗೆದ ಉಂಗುರ. ಮುಕ್ಕಾಲು ಪವನು. (ಎಂಟು ಗ್ರಾಮಿಗೆ ಒಂದು ಪವನು, ಆದರೆ ಮುಕ್ಕಾಲು ಪವನು ಎಷ್ಟು ಗ್ರಾಮು? ಮಕ್ಕಳು ಹೇಳಲಿ.) ಒಳಮೈಯಲ್ಲಿ ಹುಡುಗನ ಹೆಸರಿನ ಮೊದಲ ಅಕ್ಷರ ಕೆತ್ತಿಸಿದ್ದರು. ದೊಡ್ಡ ಬೆರಳಿನ ಉಂಗುರ, ಮನೆಯಲ್ಲಿ ಯಾರಿಗೂ ಆಗದು. ಆದರೂ ಹಾಕುವವರು ಯಾರು?

ಹುಡುಗಿಯ ಅಪ್ಪನ ಯೋಜನೆ ಮೂಡುಬಿದಿರೆ. ಅಲ್ಲಿ ಗುರುತಿನವರಿಲ್ಲ, ಬಸದಿಗೆ ಹೋದಂತೆಯೂ ಆಗುತ್ತದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಈ ಮನುಷ್ಯ ಅರವತ್ತು ವರ್ಷದಲ್ಲಿ ನೋಡಲು ಹೋದವನಲ್ಲ, ಈಗ ಉಂಗುರದ ನೆಪದಲ್ಲಿ ಭಕ್ತಿ ಬಂದಿತ್ತು. ಹುಡುಗಿಯ ಅಜ್ಜಿ, ಅಂದರೆ ನನ್ನ ಚಿಕ್ಕಮ್ಮ, ಮಾರುವುದೇ ಬೇಡ ಎಂದರು. “ಮುರಿದ ಸಂಬಂಧದ ಚಿನ್ನ ಮನೆಗೆ ಆಗುದಿಲ್ಲ. ಅದರ ದುಡ್ಡೂ ಆಗುದಿಲ್ಲ. ಧರ್ಮಸ್ಥಳದ ಹುಂಡಿಗೆ ಹಾಕಿ ಬನ್ನಿ.” ಹುಡುಗಿಯ ಅಮ್ಮನಿಗೆ ಅದನ್ನು ಕರಗಿಸಿ ಕಿವಿಯೋಲೆ ಮಾಡಿಸುವ ಆಸೆ, ಬಾಯಿ ಬಿಟ್ಟು ಹೇಳಲು ಧೈರ್ಯವಿಲ್ಲ. ಬ್ಯಾಂಕಿನಲ್ಲಿದ್ದವನು ಹೇಳಲಿ ಎಂದು ಎಲ್ಲರೂ ನನ್ನ ಕಡೆ ತಿರುಗಿದರು. ಬ್ಯಾಂಕಿನಲ್ಲಿ ಇದ್ದವನಿಗೆ ಜಗತ್ತಿನ ದುಡ್ಡಿನ ಪ್ರಶ್ನೆಗಳೆಲ್ಲ ಗೊತ್ತಿರುತ್ತವೆ ಎಂದು ನಮ್ಮವರ ನಂಬಿಕೆ, ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಅದು ಹೋಗುವುದಿಲ್ಲ.

ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಅವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: “ದೊಡ್ಡಪ್ಪ, ಉಂಗುರ ತೆಗೆಯುವಾಗ ನಾವು ಬಂಟ್ವಾಳದಲ್ಲೇ, ಹಗಲಿಗೇ ಹೋಗಿ ತೆಗೆದದ್ದಲ್ವಾ? ಕೊಡ್ಲಿಕ್ಕೆ ಯಾಕೆ ಮೂಡುಬಿದಿರೆಗೆ? ಅರ್ಧ ದುಡ್ಡು ನನ್ನ ಸಂಬಳದ್ದು. ನಾನೇ ಕೊಡ್ತೇನೆ, ತೆಗೆದ ಅಂಗಡಿಯಲ್ಲೇ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅಪ್ಪನಿಗೆ ಬೆವರು. “ಅಂಗಡಿಯವರು ಕೇಳಿದರೆ?” ಎಂದ. “ಎಲ್ಲಿಂದ ಬಂತು ಎಂದು ಕೇಳಿದರೆ ಎಂತ ಹೇಳುದು?”

ಇಲ್ಲಿ ನಾನು ಮಾತಿಗೆ ಇಳಿಯಬೇಕಾಯಿತು. ಎಲ್ಲಿಂದ ಬಂತು ಎಂದು ಕೇಳುವ ಅಂಗಡಿಯೇ ಒಳ್ಳೆಯ ಅಂಗಡಿ. ಕೇಳದೆ ತೆಗೆದುಕೊಳ್ಳುವವನ ಹತ್ತಿರ ಹೋಗಬಾರದು. ಗುರುತಿಲ್ಲದ ಊರಿನಲ್ಲಿ, ಬಿಲ್ಲು ತೋರಿಸದೆ, ಮುಖ ತಗ್ಗಿಸಿ ಉಂಗುರ ಮುಂದಿಡುವವನನ್ನು ಕಂಡರೆ ಯಾರಿಗಾದರೂ ಸಂಶಯ ಬರುತ್ತದೆ. ಸಂಶಯ ಬಂದವನು ಬೆಲೆ ಇಳಿಸುತ್ತಾನೆ. ಮಾರುವವನಿಗೆ ಬೇಗ ಹೊರಡುವ ಅವಸರ, ಚೌಕಾಸಿ ಮಾಡುವುದಿಲ್ಲ. ನಾಚಿಕೆಪಟ್ಟದ್ದಕ್ಕೆ ಗ್ರಾಮಿಗೆ ಇಷ್ಟು ಎಂದು ದಂಡ ಕಟ್ಟಿ ಬರುತ್ತಾನೆ.

ಅಷ್ಟರಲ್ಲಿ ಹುಡುಗಿಯ ಅಕ್ಕನ ಮಗ, ಐದನೆಯ ತರಗತಿಯವನು, ಜಗಲಿಗೆ ಬಂದು ಕುಳಿತಿದ್ದ. ಅವನಿಗೆ ಶಕುಂತಲೆಯ ಉಂಗುರದ ಕಥೆ ಶಾಲೆಯಲ್ಲಿ ಹೇಳಿದ್ದರಂತೆ. ಉಂಗುರ ಕೊಟ್ಟದ್ದು, ಕಳೆದದ್ದು, ಮೀನು ನುಂಗಿದ್ದು, ರಾಜನಿಗೆ ನೆನಪಾದದ್ದು. ನಡುವೆ ಒಂದು ಮುಖ್ಯ ಸಂಗತಿಯನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ: ಆ ಉಂಗುರವನ್ನು ಮಾರಲು ಹೋದವನ ಕಥೆ. ಕಾಳಿದಾಸ ಅದನ್ನು ಚೆನ್ನಾಗಿ ಬರೆದಿದ್ದಾನೆ. ಬೆಸ್ತನೊಬ್ಬ ಮೀನು ಸೀಳಿದಾಗ ಉಂಗುರ ಸಿಕ್ಕಿತು. ಪೇಟೆಗೆ ತಂದು ಮಾರಲು ತೋರಿಸಿದ. ಉಂಗುರದ ಮೇಲೆ ರಾಜನ ಹೆಸರು! ಕಾವಲಿನವರು ಹಿಡಿದರು, ಕಳ್ಳ ಎಂದರು, ಹೊಡೆದರು. ಅವನೋ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಉಂಗುರ ಅರಮನೆಗೆ ಹೋಯಿತು. ದುಷ್ಯಂತ ಅದನ್ನು ನೋಡಿ, ಉಂಗುರದ ಬೆಲೆಯಷ್ಟೇ ಹಣವನ್ನು ಬೆಸ್ತನಿಗೆ ಕಳುಹಿಸಿದ. ಹೊಡೆದ ಕಾವಲಿನವರಿಗೇ ಬೆಸ್ತ ಅದರಲ್ಲಿ ಅರ್ಧ ಕೊಟ್ಟ. ಆಮೇಲೆ ಅವರೆಲ್ಲ ಸೇರಿ ಎಲ್ಲಿಗೆ ಹೋದರು ಎಂಬುದನ್ನು ಮಕ್ಕಳು ದೊಡ್ಡವರಾದ ಮೇಲೆ ಓದಿಕೊಳ್ಳಲಿ.

“ಹಾಗಾದರೆ ನಮ್ಮ ಉಂಗುರದಲ್ಲೂ ಹೆಸರು ಉಂಟಲ್ಲ ಅಜ್ಜ, ಹಿಡಿಯುತ್ತಾರಾ?” ಎಂದು ಹುಡುಗ.

“ಬೆಸ್ತನ ಹತ್ತಿರ ಬಿಲ್ಲು ಇರಲಿಲ್ಲ. ನಮ್ಮ ಹತ್ತಿರ ಉಂಟು” ಎಂದೆ.

ಅವನ ಮುಂದಿನ ಪ್ರಶ್ನೆಗೆ ನಾನು ನಿಜಕ್ಕೂ ಖುಷಿಪಟ್ಟೆ. ಅಕ್ಷರಕ್ಕೆ ತೂಕ ಉಂಟಾ ಎಂದು ಕೇಳಿದ. ಉಂಟು, ಆದರೆ ಉಲ್ಟಾ. ಅಕ್ಷರ ಕೆತ್ತುವುದೆಂದರೆ ಚಿನ್ನವನ್ನು ಸ್ವಲ್ಪ ಕೆರೆದು ತೆಗೆಯುವುದು. ಹೆಸರು ಬರೆಸಿದಷ್ಟೂ ಉಂಗುರ ಹಗುರ. ಅಕ್ಷರ ಚಿಕ್ಕದಾದ್ದರಿಂದ ತಕ್ಕಡಿಗೆ ಗೊತ್ತಾಗುವುದಿಲ್ಲ ಅಷ್ಟೇ.

ಸೋಮವಾರ ಹೋದೆವು. ಹುಡುಗಿ, ನಾನು, ಮತ್ತು ಹಿಂದಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅವಳ ಅಪ್ಪ, ಯಾರೋ ಬೇರೆಯವರ ಹಾಗೆ. ಅಂಗಡಿಯಲ್ಲಿ ಎರಡು ಮದುವೆಯವರು ಕುಳಿತಿದ್ದರು, ಅದರಲ್ಲಿ ಒಂದು ಮನೆಯವರು ಗುರುತಿನವರೇ. ಕೌಂಟರಿನ ಹುಡುಗಿ ಡಬ್ಬಿ ತೆರೆದು ತಮ್ಮ ಅಂಗಡಿಯದೇ ಮಾಲು ಎಂದು ಕಂಡು ನಕ್ಕಳು. “ಎಂತ ಮೇಡಂ, ಸೈಜ್ ಆಗಲಿಲ್ವಾ?”

“ಮದುವೆ ಆಗಲಿಲ್ಲ” ಎಂದಳು ನಮ್ಮವಳು. ಜೋರಾಗಿಯೂ ಅಲ್ಲ, ಮೆಲ್ಲಗೂ ಅಲ್ಲ.

ಕೌಂಟರಿನ ಹುಡುಗಿಯ ನಗು ನಿಂತಿತು. ಪಕ್ಕದಲ್ಲಿ ಸರ ನೋಡುತ್ತಿದ್ದ ಹೆಂಗಸು ಒಮ್ಮೆ ತಿರುಗಿ ನೋಡಿದರು, ಮತ್ತೆ ಸರದ ಕಡೆ ತಿರುಗಿದರು. ಅಷ್ಟೇ. ಮೂರು ಊರುಗಳ ಜನ ಯಾವುದಕ್ಕೆ ಹೆದರಿ ಬಸ್ಸು ಹತ್ತುತ್ತಾರೋ ಅದು ಅಲ್ಲಿ ಐದು ಸೆಕೆಂಡಿನಲ್ಲಿ ಆಗಿಹೋಯಿತು. “ಕುಳಿತುಕೊಳ್ಳಿ ಮೇಡಂ, ಬಿಲ್ಲು ತಂದಿದ್ದೀರಾ?” ಎಂದಳು ಕೌಂಟರಿನವಳು. ನಮ್ಮ ಹಿಂದೆ ನಿಂತಿದ್ದ ಅಪ್ಪ ಆಗ ಮುಂದೆ ಬಂದು ಮಗಳ ಪಕ್ಕದ ಕುರ್ಚಿಯಲ್ಲಿ ಕುಳಿತ.

ಇನ್ನು ಲೆಕ್ಕ. ಇದು ನನ್ನ ವಿಷಯ, ಸ್ವಲ್ಪ ವಿಸ್ತಾರವಾಗಿ ಹೇಳಿದರೆ ಬೇಸರಿಸಬಾರದು.

ಮೊದಲು ಉಂಗುರದ ಒಳಗಿನ ಮುದ್ರೆ. ಈಗಿನ ಆಭರಣದಲ್ಲಿ ಮೂರು ಗುರುತುಗಳಿರುತ್ತವೆ: ಬಿಐಎಸ್‌ನ ತ್ರಿಕೋನದ ಚಿಹ್ನೆ, ಶುದ್ಧತೆಯ ಅಂಕಿ, ಮತ್ತು ಅಕ್ಷರ-ಅಂಕಿ ಸೇರಿದ ಆರು ಸ್ಥಾನಗಳ ಎಚ್‌ಯುಐಡಿ ಸಂಖ್ಯೆ. 916 ಎಂದಿದ್ದರೆ 22 ಕ್ಯಾರೆಟ್. ಹೇಗೆ? ಅಪರಂಜಿ 24 ಕ್ಯಾರೆಟ್. 22ನ್ನು 24ರಿಂದ ಭಾಗಿಸಿ, ಸಾವಿರಕ್ಕೆ ಎಷ್ಟು ನೋಡಿ. 750 ಎಂದಿದ್ದರೆ 18 ಕ್ಯಾರೆಟ್. ಎಚ್‌ಯುಐಡಿ ಎಂದರೆ ಆ ಒಂದೇ ಒಂದು ಒಡವೆಯ ಸಂಖ್ಯೆ, ನಮ್ಮ ಆಧಾರ್ ಇದ್ದ ಹಾಗೆ. ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದರ ಜಾತಕ ಬರುತ್ತದೆ. 2021ರ ಜೂನ್ 16ರಿಂದ ದೇಶದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ ಇಲ್ಲದೆ ಅಂಗಡಿಯವರು ಮಾರುವಂತಿಲ್ಲ. ಎರಡು ಗ್ರಾಮಿಗಿಂತ ಕಡಿಮೆಯ ಚಿಕ್ಕ ಒಡವೆಗಳಿಗೆ ಮಾತ್ರ ವಿನಾಯಿತಿ. ಅಜ್ಜಿಯರು ಗಾಬರಿಯಾಗಬೇಡಿ. ನಿಮ್ಮ ಪೆಟ್ಟಿಗೆಯಲ್ಲಿರುವ ಮುದ್ರೆಯಿಲ್ಲದ ಹಳೆಯ ಒಡವೆಯನ್ನು ನೀವು ಮಾರಬಹುದು, ತೊಂದರೆಯಿಲ್ಲ. ಪರೀಕ್ಷೆ ಮಾಡಿ ಬೆಲೆ ಕಟ್ಟುತ್ತಾರೆ.

ಆ ಪರೀಕ್ಷೆಯಲ್ಲಿ ಕೆಲವೊಮ್ಮೆ ಹಳೆಯ ಚಿನ್ನ ನಿರಾಸೆ ಮಾಡುತ್ತದೆ. ಅದಕ್ಕೂ ಇತಿಹಾಸ ಉಂಟು. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ, 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಆಭರಣ ಮಾಡಬಾರದೆಂದು ಸರಕಾರ ಕಟ್ಟಳೆ ತಂದಿತು. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು, ಜನ ಚಿನ್ನದ ಆಸೆ ಬಿಡಲಿ ಎಂದು. ಜನ ಬಿಡಲಿಲ್ಲ, ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1966ರಲ್ಲಿ ಆ 14 ಕ್ಯಾರೆಟ್ಟಿನ ಮಿತಿ ಹೋಯಿತು, ಆದರೆ ಆ ಮೂರು ವರ್ಷದಲ್ಲಿ ಮದುವೆಯಾದವರ ಮೈಮೇಲೆ ಅದೇ ಉಳಿಯಿತು. ನನ್ನ ಚಿಕ್ಕಮ್ಮನ ಮದುವೆ 1965ರಲ್ಲಿ. ಅವರ ಒಂದು ಉಂಗುರವನ್ನು ಸರಾಫರು ಒರೆಗೆ ಹಚ್ಚಿ 14 ಎಂದಾಗ ಅವರು ಎರಡು ದಿನ ಸತ್ತುಹೋದ ಮಾವನ ಮೇಲೆ ಸಿಟ್ಟಾಗಿದ್ದರು. ಅದು ಮಾವನ ಮೋಸವಲ್ಲ, ಮೊರಾರ್ಜಿಯವರ ಕಾನೂನು ಎಂದು ನಾನು ಸಮಾಧಾನ ಹೇಳಿದೆ.

ಈಗ ನಮ್ಮ ಉಂಗುರದ ತರಹದ್ದೊಂದರ ಲೆಕ್ಕ ಹಾಕೋಣ. ನಿಜವಾದ ಅಂಕಿಗಳು ಆ ಹುಡುಗಿಯ ಸ್ವಂತದ್ದು, ಗಿರಾಕಿಯ ಲೆಕ್ಕ ಹೊರಗೆ ಹೇಳುವ ಅಭ್ಯಾಸ ನನಗಿಲ್ಲ. ಹಾಗಾಗಿ ಸುಲಭದ ಅಂಕಿ ಇಟ್ಟುಕೊಳ್ಳೋಣ. 22 ಕ್ಯಾರೆಟ್ ಗ್ರಾಮಿಗೆ 10,000 ರೂಪಾಯಿ, ಉಂಗುರ 6 ಗ್ರಾಂ. ಚಿನ್ನದ ಬೆಲೆ 60,000. ಮಜೂರಿ ನೂರಕ್ಕೆ 10ರಂತೆ 6,000. ಒಟ್ಟು 66,000ದ ಮೇಲೆ ಜಿಎಸ್‌ಟಿ ನೂರಕ್ಕೆ 3, ಅಂದರೆ 1,980. ಕೊಟ್ಟದ್ದು 67,980 ರೂಪಾಯಿ. ಮರುದಿನವೇ ಅದನ್ನು ವಾಪಸು ಕೊಟ್ಟರೆ? ಮಜೂರಿ ಹೋಯಿತು, ತೆರಿಗೆ ಹೋಯಿತು. ಕರಗಿಸುವ ನಷ್ಟವೆಂದು ನೂರಕ್ಕೆ 2 ಕಳೆದರೆ ಕೈಗೆ 58,800. ಒಂದು ರಾತ್ರಿಯಲ್ಲಿ 9,180 ರೂಪಾಯಿ ಕಡಿಮೆ. ಇದರಲ್ಲಿ ಯಾರ ಮೋಸವೂ ಇಲ್ಲ. ಅಕ್ಕಸಾಲಿಗನ ಬೆವರಿಗೆ ಕೊಟ್ಟ ಹಣ ಉಂಗುರ ಕರಗಿದಾಗ ಕರಗುತ್ತದೆ.

ಆದರೆ ನಿಶ್ಚಿತಾರ್ಥಕ್ಕೂ ಮುರಿದದ್ದಕ್ಕೂ ನಡುವೆ ಎಂಟು ತಿಂಗಳು ಹೋದವಲ್ಲ. ಅಷ್ಟರಲ್ಲಿ ದರ 11,500 ಆಗಿದ್ದರೆ? 6 ಗ್ರಾಮಿಗೆ 69,000, ನೂರಕ್ಕೆ 2 ಕಳೆದು 67,620. ಕೊಟ್ಟದ್ದಕ್ಕಿಂತ 360 ರೂಪಾಯಿ ಮಾತ್ರ ಕಡಿಮೆ. ಚಿನ್ನದ ದರ ಹೀಗೆ ಓಡುವುದನ್ನು ನಾವೆಲ್ಲ ನೋಡಿದ್ದೇವೆ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪರಂಜಿ 1 ಲಕ್ಷ ರೂಪಾಯಿ ಮುಟ್ಟಿತು. ಇಳಿದ ಕಾಲವೂ ಉಂಟು, ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ನಮ್ಮ ಪುಣ್ಯಕ್ಕೆ ಅದರಲ್ಲಿ ಕಲ್ಲಿರಲಿಲ್ಲ. ಕಲ್ಲಿದ್ದರೆ ಕಥೆ ಬೇರೆ. ವಜ್ರ ಶಾಶ್ವತ ಎಂಬ ಅರ್ಥದ ಜಾಹೀರಾತನ್ನು ಡಿ ಬೀರ್ಸ್ ಕಂಪೆನಿಗಾಗಿ ಅಮೆರಿಕದಲ್ಲಿ ಬರೆದದ್ದು 1947ರಲ್ಲಿ. ವಜ್ರ ಶಾಶ್ವತವೇ ಇರಬಹುದು, ಅದರ ಬೆಲೆ ಅಂಗಡಿಯ ಹೊಸ್ತಿಲು ದಾಟುವವರೆಗೆ ಮಾತ್ರ. ಚಿನ್ನಕ್ಕೆ ದಿನದ ದರವೆಂದು ಪೇಪರಿನಲ್ಲಿ ಬರುತ್ತದೆ, ಬಳಸಿದ ವಜ್ರಕ್ಕೆ ಹಾಗೆ ಒಂದು ದರ ಎಲ್ಲಿದೆ? ಈಗ ಕಾರ್ಖಾನೆಯಲ್ಲಿ ಬೆಳೆಸುವ ವಜ್ರಗಳೂ ಬಂದಿವೆ. ನಿಶ್ಚಿತಾರ್ಥಕ್ಕೆ ವಜ್ರ ತೆಗೆಯುವವರಿಗೆ ಬೇಡ ಎನ್ನುವವನಲ್ಲ ನಾನು. ವಾಪಸು ಕೊಟ್ಟರೆ ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ ಎಂದು ತೆಗೆಯುವ ದಿನವೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಶುಭಕಾರ್ಯದಲ್ಲಿ ಅಶುಭ ಮಾತು ಎಂದು ಮನೆಯ ಹಿರಿಯರು ಗದರಿಸಿದರೆ ಗದರಿಸಲಿ.

ಅಂಗಡಿಯವರು ಯಂತ್ರದಲ್ಲಿ ಇಟ್ಟು ಶುದ್ಧತೆ ನೋಡಿದರು. ನನ್ನ ಕಾಲದ ಒರೆಗಲ್ಲು, ಆಸಿಡ್ ಎಲ್ಲ ಹೋಗಿ ಈಗ ಕಿರಣ ಹಾಯಿಸಿ ಒಂದು ನಿಮಿಷದಲ್ಲಿ ಹೇಳುತ್ತದೆ. ತೂಕ ಸರಿ. ಬೇರೆ ಒಡವೆ ತೆಗೆದರೆ ಏನೂ ಕಳೆಯುವುದಿಲ್ಲ, ದುಡ್ಡೇ ಬೇಕೆಂದರೆ ನೂರಕ್ಕೆ ಇಷ್ಟು ಕಳೆಯುತ್ತೇವೆ ಎಂದರು. ಬಹಳ ಅಂಗಡಿಗಳ ಕ್ರಮ ಇದು. ಹುಡುಗಿಯ ಅಪ್ಪನ ಕಣ್ಣು ಹೆಂಡತಿಯ ಕಿವಿಯೋಲೆಯ ಕಡೆ ಹೋಯಿತು ಎಂದು ನನಗೆ ಕಂಡಿತು. ಹುಡುಗಿ ದುಡ್ಡೇ ಬೇಕೆಂದಳು. 10,000 ರೂಪಾಯಿಗಿಂತ ಹೆಚ್ಚಿನ ಮೊತ್ತವಾದ್ದರಿಂದ ನಗದು ಕೊಡಲಿಲ್ಲ, ಅವಳ ಬ್ಯಾಂಕ್ ಖಾತೆಗೇ ಹಾಕಿದರು. ಆದಾಯ ತೆರಿಗೆಯ ನಿಯಮದಿಂದಾಗಿ ಅಂಗಡಿಯವರಿಗೆ ಹಾಗೆ ಕೊಡುವುದೇ ಕ್ಷೇಮ, ಪಡೆಯುವವರಿಗೂ ಕ್ಷೇಮ. ಆಧಾರ್ ಪ್ರತಿ, ಒಂದು ಸಹಿ. ಉಂಗುರ ಒಂದು ಚಿಕ್ಕ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಳಗೆ ಹೋಯಿತು. ಅವಳು ಅದನ್ನು ನೋಡುತ್ತಲೇ ಇದ್ದಳು, ಪರದೆ ಮುಚ್ಚುವವರೆಗೆ. ನಾನೂ ಅವಳ ಅಪ್ಪನೂ ಫ್ಯಾನು ನೋಡಿದೆವು.

ಆ ಹಣ ಯಾಕೆ ಬೇಕಿತ್ತು ಎಂಬುದು ಬಸ್ಸಿನಲ್ಲಿ ಗೊತ್ತಾಯಿತು. ಮದುವೆಯ ದಿನಕ್ಕೆ ಸಭಾಭವನ, ಶಾಮಿಯಾನ, ವಾಲಗ ಎಲ್ಲ ಗೊತ್ತು ಮಾಡಿ ಆಗಿತ್ತು. ಮುಂಗಡ ಕೊಟ್ಟ ಕಡೆ ಲೆಕ್ಕ ಮುಗಿದಿತ್ತು. ಅಡುಗೆಯವರಿಗೆ ಮಾತ್ರ ಮುಂಗಡ ಕೊಟ್ಟಿರಲಿಲ್ಲ. ಹಳೆಯ ಪರಿಚಯ, ಬಾಯಿಮಾತು. ಅವರು ಅದೇ ಮುಹೂರ್ತದ ಇನ್ನೊಂದು ಮದುವೆಯನ್ನು ಬೇಡವೆಂದಿದ್ದರು. ಒಟ್ಟಿಗೆ ಕೆಲಸ ಮಾಡುವ ಆರು ಮಂದಿಗೆ ಆ ದಿನ ಕೂಲಿ ಇಲ್ಲ. ಅವರು ಕೇಳಲು ಬರಲಿಲ್ಲ, ಮನೆಯವರಿಗೆ ಅದು ಹೊಳೆಯಲೂ ಇಲ್ಲ. ಹುಡುಗಿಗೆ ಹೊಳೆದಿತ್ತು. “ಅವರ ಲೆಕ್ಕ ಮುಗಿಯದೆ ನನಗೆ ಇದು ಮುಗಿದ ಹಾಗೆ ಆಗುದಿಲ್ಲ ದೊಡ್ಡಪ್ಪ” ಎಂದಳು. ಅಡುಗೆಯವರು ಮೊದಲು ಬೇಡವೆಂದರು, ಆಮೇಲೆ ಸಹಾಯಕರ ಕೂಲಿಯಷ್ಟು ತೆಗೆದುಕೊಂಡರು, ತನ್ನ ಪಾಲು ತೆಗೆದುಕೊಳ್ಳಲಿಲ್ಲ. ನಿನ್ನ ಮದುವೆಗೆ ನಾನೇ ಬರುವುದು, ಆಗ ನೋಡುವ ಎಂದರು.

ಮುರಿದ ಸಂಬಂಧದ ದುಡ್ಡು ಆಗುದಿಲ್ಲ ಎಂದಿದ್ದ ಚಿಕ್ಕಮ್ಮನಿಗೂ ಒಂದು ಪಾಲು ಹೋಯಿತು. ಅವರು ಅದನ್ನು ಧರ್ಮಸ್ಥಳದ ಹುಂಡಿಗೇ ಹಾಕಿದರು, ಹೋಗಿಬರುವ ಬಸ್ಸಿನ ಖರ್ಚನ್ನೂ ಅದರಿಂದಲೇ ತೆಗೆದುಕೊಂಡರು. ಉಳಿದದ್ದನ್ನು ಹುಡುಗಿ ಅವಧಿ ಠೇವಣಿ ಇಟ್ಟಿದ್ದಾಳೆ. ಯಾವ ಬ್ಯಾಂಕಿನಲ್ಲಿ ಎಂದು ಹೇಳುವುದಿಲ್ಲ. ನಾನು ಕೆಲಸ ಮಾಡಿದ್ದರಲ್ಲಿ ಅಲ್ಲ, ಅಲ್ಲಿ ಕಾಲು ಶೇಕಡಾ ಕಡಿಮೆ ಸಿಗುತ್ತದಂತೆ.

ಕಳೆದ ತಿಂಗಳು ವೇಣೂರಿನ ಕಡೆ ಒಂದು ಉಪನಯನಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ದೂರದ ಸಂಬಂಧಿ ಹೆಂಗಸೊಬ್ಬರು ಪಕ್ಕಕ್ಕೆ ಬಂದು ಕುಳಿತರು. ಎಲೆಯ ಮೇಲೆ ಬಾಗಿ, ಸ್ವರ ತಗ್ಗಿಸಿ ಕೇಳಿದರು: “ಆ ಉಂಗುರ ಕೊಟ್ಟದ್ದು ಮೂಡುಬಿದಿರೆಯಲ್ಲಾ?”

“ಅಲ್ಲ, ಬಂಟ್ವಾಳದಲ್ಲೇ. ತೆಗೆದ ಅಂಗಡಿಯಲ್ಲೇ” ಎಂದೆ.

ಅವರು ಸಾರು ಬರುವವರೆಗೆ ಸುಮ್ಮನಿದ್ದರು. ಆಮೇಲೆ ಇನ್ನೂ ಸ್ವಲ್ಪ ಹತ್ತಿರ ಬಾಗಿದರು.

“ಗ್ರಾಮಿಗೆ ಎಷ್ಟು ಹಾಕಿದರು?”

ಆ ದಿನದ ರೇಟು ಹೇಳಿದೆ. ನೂರಕ್ಕೆ ಎಷ್ಟು ಕಳೆದರು ಎಂದೂ ಕೇಳಿದರು, ಅದನ್ನೂ ಹೇಳಿದೆ. ಬಿಲ್ಲು ಇಲ್ಲದಿದ್ದರೆ ಆಗುತ್ತದಾ ಎಂದು ಅವರು ಮೂರನೆಯ ಪ್ರಶ್ನೆ ಕೇಳುವಷ್ಟರಲ್ಲಿ ಪಾಯಸ ಬಂತು.